ದ್ರೌಪದಿಯ ಹೆಸರು ಹೇಳಿ ರಾಜಿ ಮಾಡಿಸುವವರಿಗೆ

ಸಂಪಾದಕರಿಗೆ ನಮಸ್ಕಾರ.

ನಾನು ಮುಧೋಳದವಳು, ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದೇನೆ. ಪೇಪರಿಗೆ ಪತ್ರ ಬರೆಯುವ ರೂಢಿ ನನಗಿಲ್ಲ. ಆದರೆ ನಿಮ್ಮ ಪುರವಣಿಯಲ್ಲಿ ಬಂದ ಒಂದು ಲೇಖನ ಹೋದ ವಾರ ನಮ್ಮ ಮನೆಯ ಪಡಸಾಲೆಗೇ ಬಂತು, ನಾಲ್ಕು ಮಡಿಕೆಯಾಗಿ, ಒಬ್ಬ ಹಿರಿಯರ ಅಂಗಿಯ ಕಿಸೆಯಲ್ಲಿ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆದರೂ ಕತ್ತರಿಸಬೇಡಿ.

ಲೇಖನ ನೆನಪಿರಬಹುದು. ಕ್ಷಮೆಯೇ ಹೆಣ್ಣಿಗೆ ಭೂಷಣ ಅಂತ. ಮಲಗಿದ್ದ ತನ್ನ ಐದು ಮಕ್ಕಳನ್ನು ಕೊಂದ ಅಶ್ವತ್ಥಾಮನನ್ನೂ ದ್ರೌಪದಿ ಕ್ಷಮಿಸಿದಳು, ಹೆಣ್ಣಿನ ಮನಸ್ಸು ಅಂದರೆ ಅಂಥದ್ದು, ಇಷ್ಟೇ ಅದರ ಸಾರ. ಓದೋಕೆ ಚೆನ್ನಾಗಿಯೇ ಇತ್ತು.

ನಮ್ಮ ಅಣ್ಣನ ಮಗಳು ಗಂಡನ ಮನೆಯಿಂದ ಎರಡನೇ ಸಲ ವಾಪಸ್ ಬಂದಿದ್ದಾಳೆ. ಮೊದಲನೇ ಸಲ ಬಂದಾಗ ನಾವೇ ಬುದ್ಧಿ ಹೇಳಿ ಕಳಿಸಿದ್ದೆವು. ಆ ತಪ್ಪು ನಮ್ಮದು, ನನ್ನದೂ ಹೌದು. ಈ ಸಲ ಅವಳು ಮನೆಗೆ ಬರುವ ಮುಂಚೆಯೇ ಸ್ಟೇಷನ್ನಿಗೆ ಹೋಗಿ ದೂರು ಕೊಟ್ಟು ಬಂದಿದ್ದಳು. ಅದನ್ನು ವಾಪಸ್ ತೆಗೆಸೋಕೆ ಅಂತ ಅವರ ಕಡೆಯ ನಾಲ್ಕು ಮಂದಿ, ನಮ್ಮ ಕಡೆಯ ಇಬ್ಬರು ಹಿರಿಯರು ಜಮಖಾನೆ ಮೇಲೆ ಕೂತರು. ಗಂಡನೂ ಬಂದಿದ್ದ. ಹುಡುಗಿ ಅಡುಗೆ ಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು, ಬಲಗೈಯಲ್ಲಿ ಬಳೆ ಇರಲಿಲ್ಲ. ಆಗ ಹೊರಗೆ ಬಂತು ನಿಮ್ಮ ಪೇಪರು. ಹಿರಿಯರು ಚಸ್ಮಾ ಏರಿಸಿಕೊಂಡು ಎರಡು ಪ್ಯಾರಾ ಓದಿಯೇಬಿಟ್ಟರು.

"ನೋಡವಾ ತಂಗಿ, ದ್ರೌಪದಿಯಂಥಾಕಿನ ಐದು ಮಕ್ಕಳನ್ನ ಕೊಂದಾವನ್ನ ಬಿಟ್ಟಾಳ. ನಿಂದೇನ್, ಒಂದು ಏಟಿನ ಮಾತು."

ಏಟು ಒಂದಲ್ಲ, ಅದು ಬೇರೆ ವಿಷಯ. ಹುಡುಗಿ ಅತ್ತಿದ್ದರೆ ಎಲ್ಲರಿಗೂ ಸಮಾಧಾನ ಆಗುತ್ತಿತ್ತೋ ಏನೋ. ಅವಳು ಅಳಲಿಲ್ಲ. "ಕಾಕಾ, ಆಕಿ ಮುಂದ ಅವನ್ನ ಹಗ್ಗದಾಗ ಕಟ್ಟಿ ತಂದಿದ್ರಂತ. ನನ್ನ ಮುಂದ ಇವ್ರು ಚಹಾ ಕುಡ್ಕೋತ ಕುಂತಾರ" ಅಂದಳು.

ಈ ಮಾತು ಅವಳು ಎಲ್ಲಿಂದ ತಂದಳು ಅಂತ ಯಾರಿಗೂ ಗೊತ್ತಾಗಲಿಲ್ಲ, ನನಗೆ ಗೊತ್ತಾಯಿತು. ಅವಳ ಅಜ್ಜ, ಅಂದರೆ ನನ್ನ ಅಪ್ಪ, ದೊಡ್ಡಾಟದಲ್ಲಿ ದ್ರೌಪದಿ ಪಾತ್ರ ಮಾಡುತ್ತಿದ್ದ. ಮುಖಕ್ಕೆ ಅರದಾಳ ಹಚ್ಚಿಕೊಂಡು, ತಲೆಗೆ ಚವರಿ ಕಟ್ಟಿಕೊಂಡು ನಿಂತರೆ ನನಗೇ ಗುರುತು ಸಿಗುತ್ತಿರಲಿಲ್ಲ. ದುಶ್ಶಾಸನ ಮುಡಿಗೆ ಕೈ ಹಾಕುವ ಹೊತ್ತಿಗೆ ಮುಂದಿನ ಸಾಲಲ್ಲಿ ಕೂತ ಹೆಂಗಸರು ಸುಮ್ನೆ ತಮ್ಮ ಸೆರಗು ಎಳೆದುಕೊಳ್ಳುತ್ತಿದ್ದರು. ಬೆಳಗಿನ ಜಾವ ಆಟ ಮುಗಿದ ಮೇಲೆ ದುಶ್ಶಾಸನನ ವೇಷದವನು, ಬಣ್ಣ ತೊಳೆಯುವ ಮುಂಚೆ, ಅಪ್ಪನ ಕಾಲು ಮುಟ್ಟಿ "ತಪ್ಪಾತ್ರಿ" ಅನ್ನುತ್ತಿದ್ದ. ಆಟದಲ್ಲಿ ಎಳೆದವನಿಗೇ ಅಷ್ಟು ಅಳುಕು ಇತ್ತು. ನಮ್ಮ ಪಡಸಾಲೆಯಲ್ಲಿ ಖರೇನೇ ಎಳೆದವನು ಎರಡನೇ ಕಪ್ಪು ಚಹಾ ಕೇಳಿದ.

ಹುಡುಗಿ ಹೇಳಿದ್ದು ಭಾಗವತದ ಕಥೆ, ಮೊದಲನೇ ಸ್ಕಂಧದ್ದು. ಅರ್ಜುನ ಅಶ್ವತ್ಥಾಮನನ್ನು ದನ ಕಟ್ಟಿದ ಹಾಗೆ ಕಟ್ಟಿ ಎಳೆದು ತರುತ್ತಾನೆ. ಅವನ ತಲೆ ತಂದುಕೊಡುತ್ತೇನೆ, ಅದರ ಮೇಲೆ ನಿಂತು ಸ್ನಾನ ಮಾಡು ಅಂತ ಅವಳಿಗೆ ಮಾತು ಕೊಟ್ಟೇ ಹೋಗಿದ್ದವನು. ತಲೆ ತಗ್ಗಿಸಿ ನಿಂತವನನ್ನು ನೋಡಿ ದ್ರೌಪದಿ ಬಿಡಿ, ಬಿಡಿ ಅನ್ನುತ್ತಾಳೆ. ಇವನು ಗುರುವಿನ ಮಗ, ಮಕ್ಕಳನ್ನು ಕಳೆದುಕೊಂಡು ನಾನು ಅಳುತ್ತಿರುವ ಹಾಗೆ ಇವನ ತಾಯಿ ಅಳುವುದು ಬೇಡ ಅನ್ನುತ್ತಾಳೆ. ಈ ಮಾತು ದೊಡ್ಡದು, ನಾನು ಇಲ್ಲ ಅನ್ನುವುದಿಲ್ಲ, ಅಪ್ಪ ಹೇಳುವಾಗ ಪ್ರತಿ ಸಲ ಗಂಟಲು ಕಟ್ಟುತ್ತಿತ್ತು. ಆದರೆ ಆಮೇಲೆ ಏನಾಯಿತು? ಅವನ ತಲೆಯ ಮಣಿಯನ್ನು ಕೂದಲ ಸಮೇತ ಕೊಯ್ದು, ಶಿಬಿರದಿಂದ ಹೊರದಬ್ಬಿದರು. ಇದು ನಿಮ್ಮ ಲೇಖನದಲ್ಲಿ ಇರಲಿಲ್ಲ.

ವ್ಯಾಸರ ಮಹಾಭಾರತದಲ್ಲಿ ಇದೇ ಪ್ರಸಂಗ ಬೇರೆ ಥರ ಇದೆ. ಅಪ್ಪನ ಟ್ರಂಕಿನಲ್ಲಿ ಕನ್ನಡ ಅನುವಾದದ ಸಂಪುಟಗಳಿವೆ, ಅವತ್ತು ರಾತ್ರಿ ತೆಗೆದು ಕೂತೆ. ಸೌಪ್ತಿಕ ಪರ್ವದಲ್ಲಿ ಮಕ್ಕಳೂ ಸತ್ತರು, ಅಣ್ಣ ಧೃಷ್ಟದ್ಯುಮ್ನನೂ ಸತ್ತ ಅಂತ ಕೇಳಿ ದ್ರೌಪದಿ ಅನ್ನ ನೀರು ಬಿಟ್ಟು ಕೂರುತ್ತಾಳೆ. ಅಶ್ವತ್ಥಾಮನನ್ನು ಕೊಂದು ಅವನ ಹಣೆಯ ಮಣಿ ತಂದು ತೋರಿಸಿ, ಇಲ್ಲದಿದ್ದರೆ ನಾನು ಇಲ್ಲೇ ಸಾಯುತ್ತೇನೆ ಅನ್ನುತ್ತಾಳೆ. ಕೊನೆಗೆ ಅವನು ಸಾಯುವುದಿಲ್ಲ, ಮಣಿ ಬರುತ್ತದೆ. ಭೀಮ ತಂದುಕೊಟ್ಟ ಮಣಿ ನೋಡಿದ ಮೇಲೆಯೇ ಅವಳು ಸಾಕು ಅಂತ ಏಳುವುದು. ಅಂದರೆ ಒಂದು ಕಥೆಯಲ್ಲಿ ತಾನೇ ಬಿಡಿಸುತ್ತಾಳೆ, ಇನ್ನೊಂದರಲ್ಲಿ ಲೆಕ್ಕ ಮುಗಿದ ಮೇಲೆ ಬಿಡುತ್ತಾಳೆ. ಎರಡರಲ್ಲೂ ಬಿಡು ಅಂತ ಅವಳಿಗೆ ಹೇಳೋಕೆ ಜಮಖಾನೆ ಹಾಸಿಕೊಂಡು ಯಾರೂ ಕೂತಿರಲಿಲ್ಲ.

ಹಾಗೆ ಹೇಳಿದ ಪ್ರಸಂಗವೂ ಒಂದಿದೆ, ಬೇಕಿದ್ದರೆ ಅದನ್ನು ಓದಲಿ. ಕಾಡಿನಲ್ಲಿ ಜಯದ್ರಥ ಅವಳನ್ನು ಹೊತ್ತುಕೊಂಡು ಹೋದ. ಸಿಕ್ಕಿಬಿದ್ದ ಮೇಲೆ ಧರ್ಮರಾಯ ಅಂದದ್ದು ಏನು? ಅವನು ನಮ್ಮ ತಂಗಿ ದುಶ್ಶಲೆಯ ಗಂಡ, ಗಾಂಧಾರಿಯ ಅಳಿಯ, ಕೊಲ್ಲಬೇಡಿ. ದ್ರೌಪದಿ ಒಪ್ಪಲಿಲ್ಲ, ನನ್ನ ಮನಸ್ಸಿಗೆ ಬೇಕಾದದ್ದು ಮಾಡುವುದಾದರೆ ಅವನನ್ನು ಕೊಲ್ಲಿ ಅಂದಳು. ಕೊನೆಗೆ ಭೀಮ ಅವನ ತಲೆಯಲ್ಲಿ ಐದು ಜುಟ್ಟು ಬಿಟ್ಟು ಬೋಳಿಸಿದ, ಧರ್ಮರಾಯನ ಮುಖ ನೋಡಿ ಅವಳೂ ಹೋಗಲಿ ಬಿಡಿ ಅಂದಳು. ಬೀಗರು, ನೆಂಟಸ್ತಿಕೆ, ತಂಗಿಯ ಕುಂಕುಮ, ನಮ್ಮ ರಾಜಿ ಪಂಚಾಯಿತಿಯ ಮಾತುಗಳೇ ಅಲ್ವಾ ಇವು? ಬಿಟ್ಟ ಜಯದ್ರಥ ಸುಮ್ಮನಿರಲಿಲ್ಲ. ತಪಸ್ಸು ಮಾಡಿ ಶಿವನಿಂದ ವರ ತಂದ. ಚಕ್ರವ್ಯೂಹದ ಬಾಗಿಲಲ್ಲಿ ನಿಂತು, ಅರ್ಜುನ ಒಬ್ಬನನ್ನು ಬಿಟ್ಟು ಉಳಿದ ಪಾಂಡವರನ್ನೆಲ್ಲ ತಡೆದ. ಒಳಗೆ ಅಭಿಮನ್ಯು ಒಬ್ಬನೇ ಸತ್ತ. ಬೋಳಿಸಿ ಅವಮಾನ ಮಾಡಿದ್ದಕ್ಕೇ ಅವನು ಹಗೆ ಹೊತ್ತ ಅಂತ ಯಾರಾದರೂ ವಾದ ಮಾಡಬಹುದು, ಅದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ.

ಕ್ಷಮೆಯೇ ಧರ್ಮ, ಕ್ಷಮೆಯೇ ಯಜ್ಞ ಅನ್ನುವ ಮಾತೂ ನಿಮ್ಮ ಲೇಖನದಲ್ಲಿ ಇತ್ತು. ಅದು ದ್ರೌಪದಿಯ ಬಾಯಿಂದ ಬಂದದ್ದಲ್ಲ. ವನಪರ್ವದಲ್ಲಿ ಅವಳ ಜೊತೆ ವಾದಕ್ಕೆ ಬಿದ್ದು ಧರ್ಮರಾಯ ಹೇಳಿದ್ದು. ಹೆಂಡತಿಯನ್ನು ಪಣಕ್ಕಿಟ್ಟು ಸೋತವನು! ದ್ರೌಪದಿ ಹೇಳಿದ್ದು ಪ್ರಹ್ಲಾದ ಮೊಮ್ಮಗ ಬಲಿಗೆ ಹೇಳಿದ ಬುದ್ಧಿ. ಯಾವಾಗಲೂ ಸಿಟ್ಟೂ ಒಳ್ಳೆಯದಲ್ಲ, ಯಾವಾಗಲೂ ಕ್ಷಮೆಯೂ ಒಳ್ಳೆಯದಲ್ಲ. ಸದಾ ಕ್ಷಮಿಸುತ್ತ ಕೂತವನ ಬಟ್ಟೆ, ಬಂಡಿ, ಊಟ ಎಲ್ಲವನ್ನೂ ಅವನ ಆಳುಗಳೇ ತಮ್ಮದು ಅಂತ ಬಳಸುತ್ತಾರೆ. ಹಿಂದೆ ಉಪಕಾರ ಮಾಡಿದವನನ್ನು ಕ್ಷಮಿಸು, ತಿಳಿಯದೆ ಮಾಡಿದವನನ್ನು ಕ್ಷಮಿಸು. ಯಾರದೇ ಆಗಲಿ, ಮೊದಲ ತಪ್ಪು ಒಂದನ್ನು ಕ್ಷಮಿಸು, ಎರಡನೆಯದು ಎಷ್ಟೇ ಸಣ್ಣದಿರಲಿ, ಬಿಡಬೇಡ. ಬೇಕಂತಲೇ ಮಾಡಿ ಗೊತ್ತಿಲ್ಲದೆ ಆಯ್ತು ಅನ್ನುವವನನ್ನು ಬಿಡಲೇಬೇಡ. ಇದನ್ನು ಓದುವಾಗ ನನಗೆ ಯಾರ ಮುಖ ಕಣ್ಣ ಮುಂದೆ ಬಂತು ಅಂತ ಹೇಳಬೇಕಿಲ್ಲ. ನಮ್ಮ ಹುಡುಗಿ ಮೊದಲನೆಯದನ್ನು ಬಿಟ್ಟೇ ಹೋಗಿದ್ದಳು.

ಹಾಗಂತ ಸೇಡೇ ಸರಿ ಅಂತ ನಾನು ಅನ್ನುತ್ತಿಲ್ಲ. ಇದು ರನ್ನನ ಊರು. ಗದಾಯುದ್ಧದಲ್ಲಿ ದ್ರೌಪದಿ ಭೀಮನ ಮುಂದೆ ನಿಂತು ಅವನ ಸಿಟ್ಟನ್ನು ಹೇಗೆ ಕೆದಕುತ್ತಾಳೆ ಅಂತ ನಮಗೆ ಶಾಲೆಯಲ್ಲಿ ಮಾಸ್ತರು ಕುಣಿದು ಕುಣಿದು ಹೇಳಿದ್ದರು. ರನ್ನ ಹುಟ್ಟಿದ್ದು ಬಳೆಗಾರರ ಮನೆಯಲ್ಲಿ. ಬರಿಗೈ, ಬಿಚ್ಚಿದ ಮುಡಿ ಅಂದರೆ ಏನು ಅಂತ ಬಳೆಗಾರರಿಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿರಲಿಕ್ಕಿಲ್ಲ ಅಂತ ನನಗೆ ಆಗಾಗ ಅನ್ನಿಸುತ್ತದೆ. ಆದರೆ ಮುಡಿ ಕಟ್ಟಿಕೊಳ್ಳುವ ಹೊತ್ತಿಗೆ ಅವಳಿಗೆ ಉಳಿದದ್ದು ಏನು? ಅಪ್ಪ ಇಲ್ಲ, ಆಮೇಲೆ ಅಣ್ಣನೂ ಇಲ್ಲ, ಐದು ಮಕ್ಕಳೂ ಇಲ್ಲ. ನನ್ನ ಅಪ್ಪ ಆಟ ಮುಗಿಸಿ ಬಂದು ಚವರಿ ಬಿಚ್ಚುವಾಗ ಇದನ್ನೇ ಅನ್ನುತ್ತಿದ್ದ, "ಗೆದ್ದಾಕಿ ಮನಿಯಾಗ ದೀಪ ಹಚ್ಚಾಕ ಯಾರೂ ಉಳಿಲಿಲ್ಲ ನೋಡು."

ಸಭೆಯಲ್ಲಿ ಧೃತರಾಷ್ಟ್ರ ವರ ಕೇಳು ಅಂದಾಗ ಅವಳು ಎರಡೇ ಕೇಳಿದಳು. ಒಂದರಲ್ಲಿ ಧರ್ಮರಾಯನ ಬಿಡುಗಡೆ, ಇನ್ನೊಂದರಲ್ಲಿ ಉಳಿದ ನಾಲ್ವರದು, ರಥ ಆಯುಧ ಸಮೇತ. ಮೂರನೆಯದು ಬೇಡ ಅಂದಳು. ಕೂದಲು ಹಿಡಿದು ಎಳೆದ ಅದೇ ದಿನ, ಅದೇ ಸಭೆಯಲ್ಲಿ, ದುಶ್ಶಾಸನನ ಕೈ ಕಡಿಸು ಅಂತ ಕೇಳಬಹುದಿತ್ತು. ಕೇಳಲಿಲ್ಲ. ಯಾವಾಗ ಏನು ಕೇಳಬೇಕು, ಯಾವಾಗ ಬಿಡಬೇಕು ಅಂತ ಲೆಕ್ಕ ಇಟ್ಟುಕೊಂಡಿದ್ದವಳು ಅವಳು. ನಮ್ಮ ಹುಡುಗಿ ನಾಳೆ ಗಂಡನನ್ನು ಕ್ಷಮಿಸಿದರೂ ನಾನು ಅಡ್ಡ ಬರುವುದಿಲ್ಲ, ಕೋರ್ಟಿಗೆ ಹೋದರೆ ಜೊತೆಗೆ ಹೋಗುತ್ತೇನೆ. ಸದ್ಯಕ್ಕೆ ದಿನಾ ಅಂಗಡಿಗೆ ಬಂದು ಕಾಜಾ ಬಟನ್ ಕಲಿಯುತ್ತಿದ್ದಾಳೆ, ಜಾಸ್ತಿ ಮಾತಾಡುವುದಿಲ್ಲ.

ಸಂಪಾದಕರೇ, ಲೇಖನ ಬರೆದವರಿಗೆ ಒಂದು ಮಾತು ಮುಟ್ಟಿಸಿ. ಪ್ರಹ್ಲಾದ ಬಲಿಗೆ ಹೇಳಿದ ಮಾತುಗಳನ್ನೂ ಅದೇ ಪುರವಣಿಯಲ್ಲಿ, ಅಷ್ಟೇ ದಪ್ಪ ಅಕ್ಷರದಲ್ಲಿ ಹಾಕಲಿ. ಹಿರಿಯರು ಅಮಾವಾಸ್ಯೆ ಕಳೆದ ಮೇಲೆ ಮತ್ತೆ ಬರುತ್ತೇವೆ ಅಂದು ಹೋಗಿದ್ದಾರೆ. ಅಷ್ಟರೊಳಗೆ ಅಚ್ಚಾದರೆ ನಾನೂ ಒಂದು ಪೇಪರು ಮಡಿಚಿ ಇಟ್ಟುಕೊಂಡಿರುತ್ತೇನೆ.

ಇತಿ,
ನಿಮ್ಮ ಓದುಗರಲ್ಲಿ ಒಬ್ಬಳು, ಮುಧೋಳ, ಬಾಗಲಕೋಟೆ ಜಿಲ್ಲೆ