ಮಗು ಅಪ್ಪನನ್ನು ನೋಡೋದು ಕೋರ್ಟ್ ಕಾರಿಡಾರಿನಲ್ಲೇ? ಕಾನೂನು ಸಚಿವರಿಗೊಂದು ಬಹಿರಂಗ ಪತ್ರ

ಶ್ರೀ ಎಚ್.ಕೆ. ಪಾಟೀಲ ಅವರಿಗೆ,
ಕಾನೂನು ಮತ್ತು ಸಂಸದೀಯ ವ್ಯವಹಾರಗಳ ಸಚಿವರು, ಕರ್ನಾಟಕ ಸರ್ಕಾರ

ಸಾಹೇಬರೇ, ನಮಸ್ಕಾರ.

ನಾನು ಹುಬ್ಬಳ್ಳಿಯಲ್ಲಿ ವಕೀಲೆ. ಡೈವೋರ್ಸ್, ಜೀವನಾಂಶ, ಮಕ್ಕಳ ಕಸ್ಟಡಿ, ನನ್ನ ಕೈಯಲ್ಲಿರೋದು ಹೆಚ್ಚಾಗಿ ಇಂಥ ಕೇಸುಗಳೇ. ಧಾರವಾಡದಿಂದ ಬರುತ್ತಾರೆ, ನಿಮ್ಮ ಗದಗದಿಂದ, ಹಾವೇರಿಯಿಂದಲೂ ಬರುತ್ತಾರೆ. ಈ ಪತ್ರದಲ್ಲಿ ಕೇಳುವುದು ಒಂದೇ. ಬೇರೆಯಾದ ಅಪ್ಪ ಅಮ್ಮನ ಮಕ್ಕಳು ದೂರ ಇರುವವರನ್ನು ಭೇಟಿಯಾಗಲು ಕೋರ್ಟಿನ ಗದ್ದಲದಿಂದ ಆಚೆ ಒಂದು ಜಾಗ ಮಾಡಿಕೊಡಿ. ಆ ಕೆಲಸ ಗೊತ್ತಿರುವ ಒಬ್ಬರನ್ನು ಅಲ್ಲಿ ನೇಮಿಸಿ.

ಜನ ನನ್ನ ಹತ್ತಿರ ಬಂದಾಗ ಮೊದಲ ಪ್ರಶ್ನೆ ಡೈವೋರ್ಸ್‌ದು. ಅದಕ್ಕೆ ಉತ್ತರ ಕೊಡೋದು ಅಷ್ಟು ಕಷ್ಟವಲ್ಲ. ಇಬ್ಬರೂ ಒಪ್ಪಿದ್ದರೆ, ಹಿಂದೂ ವಿವಾಹ ಕಾಯ್ದೆಯಡಿ ಒಂದು ವರ್ಷ ಬೇರೆ ಇದ್ದ ಮೇಲೆ ಜಂಟಿ ಅರ್ಜಿ ಹಾಕಬಹುದು. ಆಮೇಲೆ ಆರು ತಿಂಗಳು ಕಾಯಬೇಕು. 2017ರಲ್ಲಿ ಸುಪ್ರೀಂ ಕೋರ್ಟ್ ಆ ಆರು ತಿಂಗಳನ್ನೂ ಸೂಕ್ತ ಪ್ರಕರಣಗಳಲ್ಲಿ ಮನ್ನಾ ಮಾಡಬಹುದು ಎಂದಿತು. ಒಪ್ಪದಿದ್ದರೆ ಕ್ರೌರ್ಯ, ತೊರೆದು ಹೋಗಿದ್ದು, ಇಂಥ ಕಾರಣ ಕೊಟ್ಟು ಸಾಬೀತು ಮಾಡಬೇಕು, ವರ್ಷಗಟ್ಟಲೆ ಹಿಡಿಯುತ್ತದೆ.

ಕಷ್ಟ ಇರೋದು ಎರಡನೇ ಪ್ರಶ್ನೆಯಲ್ಲಿ. "ಮೇಡಂ, ಕೂಸು ಯಾರಿಗೆ ಸಿಗತೈತಿ?" ಹೊಲ ಪಾಲಾದಂಗೆ ಮಗುವೂ ಯಾರೋ ಒಬ್ಬರ ಪಾಲಿಗೆ ಬರುತ್ತದೆ ಅಂತಲೇ ತುಂಬಾ ಜನ ತಿಳಿದಿರುತ್ತಾರೆ. ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಹತ್ತಿರ ಇರಬೇಕು ಎಂದು 1956ರ ಹಿಂದೂ ಅಪ್ರಾಪ್ತರ ಕಾಯ್ದೆ ಹೇಳುತ್ತದೆ, ನಿಜ. ಆದರೆ ಐದು ತುಂಬಿದ ಮರುದಿನ ಮಗು ಅಪ್ಪನ ಮನೆಗೆ ಹೋಗಬೇಕು ಎಂದು ಎಲ್ಲೂ ಬರೆದಿಲ್ಲ. ಈ ತಪ್ಪು ತಿಳಿವಳಿಕೆ ಎಷ್ಟು ಗಟ್ಟಿ ಅಂದರೆ, ಐದನೇ ಹುಟ್ಟುಹಬ್ಬ ಹತ್ತಿರ ಬಂದರೆ ಕೆಲವು ತಾಯಂದಿರಿಗೆ ನಿದ್ದೆ ಬರಲ್ಲ. ಕೋರ್ಟ್ ನೋಡುವುದು ಮಗುವಿನ ಹಿತ. ಯಾವ ಧರ್ಮದವರೇ ಆಗಲಿ, 1890ರ ಪಾಲಕರ ಕಾಯ್ದೆಯಡಿ ಅರ್ಜಿ ಹಾಕಬಹುದು. ಮಗು ತಿಳಿದು ಹೇಳುವಷ್ಟು ದೊಡ್ಡದಿದ್ದರೆ ಅದರ ಇಷ್ಟವನ್ನೂ ಜಡ್ಜ್ ಕೇಳಬಹುದು. ಒಮ್ಮೆ ಕೊಟ್ಟ ಕಸ್ಟಡಿ ಆದೇಶ ಕಲ್ಲಿನ ಮೇಲಿನ ಬರಹವೂ ಅಲ್ಲ. ಪರಿಸ್ಥಿತಿ ಬದಲಾದರೆ ಅದನ್ನೂ ಬದಲಾಯಿಸಬಹುದು.

ಹಾಗಾದರೆ ಜಗಳ ಎಲ್ಲಿ? ಭೇಟಿಯಲ್ಲಿ.

ಜಂಟಿ ಅರ್ಜಿಗಳಲ್ಲಿ ಒಂದು ಸಾಲು ಬರೆದಿರುತ್ತಾರೆ, "ತಂದೆಗೆ ಮಗುವನ್ನು ಭೇಟಿಯಾಗುವ ಹಕ್ಕು ಇರತಕ್ಕದ್ದು." ಅಷ್ಟೇ. ಯಾವ ದಿನ, ಎಷ್ಟು ಹೊತ್ತು, ಎಲ್ಲಿ, ಯಾರು ಕರೆದುಕೊಂಡು ಬರಬೇಕು, ಏನೂ ಇಲ್ಲ. ನಾಗರ ಪಂಚಮಿಗೆ ಮಗು ಯಾರ ಮನೆಯ ಜೋಕಾಲಿ ಆಡಬೇಕು? ದಸರಾ ರಜೆ ಯಾರಿಗೆ? ಮಗುವಿಗೆ ಜ್ವರ ಬಂದು ಭೇಟಿ ತಪ್ಪಿದರೆ ಬದಲಿ ದಿನ ಯಾವುದು? ಸಹಿ ಹಾಕುವಾಗ ಇದೆಲ್ಲ ಯಾರಿಗೂ ಬೇಕಿಲ್ಲ, ಒಮ್ಮೆ ಮುಗಿದರೆ ಸಾಕಾಗಿರುತ್ತದೆ. ಭೇಟಿಯ ಸ್ವರೂಪ, ವಿವರ ಎಲ್ಲವನ್ನೂ ಕೋರ್ಟುಗಳು ಸ್ಪಷ್ಟವಾಗಿ ಬರೆಯಬೇಕು ಎಂದು 2020ರ ಒಂದು ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ದೂರ ಇರುವ ಅಪ್ಪ ಅಥವಾ ಅಮ್ಮ ಫೋನ್, ವಿಡಿಯೋ ಕರೆಯಲ್ಲಿ ಮಗುವಿನ ಜೊತೆ ಮಾತಾಡುವ ಅವಕಾಶದ ಬಗ್ಗೆಯೂ ಅದರಲ್ಲಿದೆ. ಪುಣೆಗೋ ಗೋವಾಕ್ಕೋ ದುಡಿಯಲು ಹೋದವರು ನಮ್ಮ ಕಡೆ ಎಷ್ಟು ಜನ ಇಲ್ಲ!

ಇನ್ನೊಂದು ಮಾತು ನಾನು ಪದೇ ಪದೇ ಕೇಳುತ್ತೇನೆ. "ಖರ್ಚಿಗೆ ರೊಕ್ಕ ಕೊಡಂಗಿಲ್ಲ, ಕೂಸಿನ ಮಾರಿ ಮಾತ್ರ ನೋಡಬೇಕಂತ!" ಆ ಕಡೆಯಿಂದ, "ಕೂಸಿನ್ನ ತೋರಸಂಗಿಲ್ಲ ಅಂದ್ರ ರೊಕ್ಕ ಯಾಕ ಕೊಡ್ಲಿ?" ಇಬ್ಬರ ಸಿಟ್ಟೂ ನನಗೆ ಅರ್ಥವಾಗುತ್ತದೆ. ಆದರೆ ಕಾನೂನಿನಲ್ಲಿ ಇವು ಎರಡು ಬೇರೆ ದಾರಿ. ಜೀವನಾಂಶ ಬಾಕಿ ಇದ್ದರೆ ವಸೂಲಿಗೆ ಅರ್ಜಿ ಹಾಕಬೇಕು, ಭೇಟಿ ತಪ್ಪಿಸಿದರೆ ಆದೇಶ ಜಾರಿಗೆ ಅರ್ಜಿ ಹಾಕಬೇಕು. ಒಂದನ್ನು ಹಿಡಿದು ಇನ್ನೊಂದನ್ನು ಎಳೆಯುವಂತಿಲ್ಲ. ನಾನು ಹೇಳಿದರೆ ಪಕ್ಷಗಾರರು ತಲೆ ಆಡಿಸುತ್ತಾರೆ. ಮುಂದಿನ ತಾರೀಖಿಗೆ ಮತ್ತೆ ಅದೇ ಮಾತು.

ಇಷ್ಟು ಅಪನಂಬಿಕೆ ಇದ್ದಲ್ಲಿ ಭೇಟಿ ಎಲ್ಲಿ ಇಡೋದು? ಅಮ್ಮನ ತವರಿಗೆ ಅಪ್ಪ ಕಾಲಿಡಲ್ಲ. ಅಪ್ಪನ ಮನೆಗೆ ಕಳಿಸಿದರೆ ಮಗು ವಾಪಸ್ ಬರಲ್ಲ ಅಂತ ಅಮ್ಮನಿಗೆ ಹೆದರಿಕೆ. ಕೊನೆಗೆ ಇಬ್ಬರೂ ಒಪ್ಪೋದು ಕೋರ್ಟ್ ಆವರಣಕ್ಕೆ, ಪೊಲೀಸರು ಇರುತ್ತಾರಲ್ಲ ಅಂತ.

ಅಂಥ ಭೇಟಿಗಳನ್ನು ನಾನು ನೋಡಿದ್ದೇನೆ. ಯಾವ ಊರಿನ ಕೋರ್ಟ್ ಎನ್ನುವುದು ಇಲ್ಲಿ ಬೇಡ. ಕಾರಿಡಾರಿನ ಒಂದು ಬೆಂಚು. ಒಂದು ತುದಿಗೆ ಅಜ್ಜಿ, ಮಗುವಿನ ಬ್ಯಾಗ್ ಹಿಡಿದು ಕಣ್ಣು ತೆಗೆಯದೆ ಕೂತಿರುತ್ತಾಳೆ. ಅಪ್ಪ ಕುರ್ಕುರೆ ಪ್ಯಾಕೆಟ್ ಕೊಡುತ್ತಾನೆ. ಮಗು ಅಜ್ಜಿಯ ಮುಖ ನೋಡುತ್ತದೆ, ತೊಗೊಳ್ಳಲೋ ಬೇಡವೋ ಅಂತ. ಬೇಡಿ ಹಾಕಿದ ಆರೋಪಿಯನ್ನು ಪೊಲೀಸರು ಪಕ್ಕದಲ್ಲೇ ಕರೆದುಕೊಂಡು ಹೋಗುತ್ತಾರೆ. ಒಂದು ಹುಡುಗಿ ಅಪ್ಪನನ್ನು ಕೇಳಿದ್ದು ನನ್ನ ಕಿವಿಗೆ ಬಿತ್ತು: "ಇವತ್ತ ಜಡ್ಜ್ ನಮಗ ಬೈತಾರೇನು?"

ಫ್ಯಾಮಿಲಿ ಕೋರ್ಟಿನ ವಿಚಾರಣೆಯನ್ನು ಬೇರೆಯವರಿಲ್ಲದೆ ನಡೆಸಿ ಎಂದು ಕಕ್ಷಿದಾರರು ಕೇಳಬಹುದು, ಫ್ಯಾಮಿಲಿ ಕೋರ್ಟ್ ಕಾಯ್ದೆಯ 11ನೇ ಸೆಕ್ಷನ್ ಹಾಗೆ ಹೇಳುತ್ತದೆ. ಗಂಡ ಹೆಂಡತಿಯ ಮಾತಿಗೆ ಬಾಗಿಲು ಹಾಕುತ್ತೇವೆ. ಮಗುವನ್ನು ಮಾತ್ರ ಹೊರಗೆ ಎಲ್ಲರ ಎದುರು ಕೂರಿಸುತ್ತೇವೆ. ಅದರ ಮೇಲೆ ವೇಳೆಯ ತೊಂದರೆ ಬೇರೆ. ಕೋರ್ಟ್ ತೆರೆದಿರುವಾಗ ಶಾಲೆ ಇರುತ್ತದೆ. ಶಾಲೆಗೆ ರಜೆ ಇರುವ ಭಾನುವಾರ ಕೋರ್ಟಿಗೂ ಬೀಗ. ಅಪ್ಪನನ್ನು ನೋಡಲು ಮಗು ಶಾಲೆ ತಪ್ಪಿಸಬೇಕು.

ಇದು ಹೈಕೋರ್ಟಿನ ಕೆಲಸ, ಸರ್ಕಾರದ್ದಲ್ಲ ಎನ್ನಬೇಡಿ. ಯಾವ ಕೇಸಿನಲ್ಲಿ ಭೇಟಿ ಎಷ್ಟು ಹೊತ್ತು ಎನ್ನುವುದು ಜಡ್ಜ್‌ಗೆ ಬಿಟ್ಟಿದ್ದು, ಅದರಲ್ಲಿ ನೀವು ಕೈ ಹಾಕುವಂತಿಲ್ಲ. ಆದರೆ 1984ರ ಫ್ಯಾಮಿಲಿ ಕೋರ್ಟ್ ಕಾಯ್ದೆಯ 6ನೇ ಸೆಕ್ಷನ್ ನೋಡಿ. ಆಪ್ತ ಸಮಾಲೋಚಕರು ಎಷ್ಟು ಜನ, ಎಂಥವರು ಬೇಕು ಎಂದು ನಿರ್ಧರಿಸಿ ಒದಗಿಸಬೇಕಾದದ್ದು ರಾಜ್ಯ ಸರ್ಕಾರ, ಹೈಕೋರ್ಟಿನ ಜೊತೆ ಸಮಾಲೋಚಿಸಿ. ಸಮಾಜ ಕಲ್ಯಾಣ ಸಂಸ್ಥೆಗಳನ್ನು, ಸಮಾಜ ಕಾರ್ಯದವರನ್ನು ಜೊತೆಗೆ ಸೇರಿಸಿಕೊಳ್ಳಲು 5ನೇ ಸೆಕ್ಷನ್ ಇದೆ. ಅಂದಹಾಗೆ ಅದೇ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಆ ಕೋರ್ಟಿನಲ್ಲಿ ವಕೀಲರನ್ನು ಇಟ್ಟುಕೊಳ್ಳುವುದು ಕಕ್ಷಿದಾರರ ಹಕ್ಕೇ ಅಲ್ಲ. ನಮ್ಮಂಥವರು ಅನುಮತಿ ಪಡೆದು ನಿಲ್ಲಬೇಕು. ಕಾಯ್ದೆ ಮಾಡಿದವರ ಲೆಕ್ಕದಲ್ಲಿ ಮುಖ್ಯ ಆಸಾಮಿ ಸಮಾಲೋಚಕ, ವಕೀಲ ಅಲ್ಲ. ವಕೀಲೆಯಾಗಿ ನಾನೂ ಅದಕ್ಕೆ ಒಪ್ಪುತ್ತೇನೆ.

ಜನರಿಗೆ ನಮ್ಮಲ್ಲಿ ಬರವಿಲ್ಲ. ಧಾರವಾಡದಲ್ಲಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ, ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಸಮಾಜ ಕಾರ್ಯ ವಿಭಾಗ ಇದೆ, ಹುಬ್ಬಳ್ಳಿಯ ನವನಗರದಲ್ಲಿ ಕಾನೂನು ವಿಶ್ವವಿದ್ಯಾಲಯ ಇದೆ. ಮಕ್ಕಳಿಗಾಗಿಯೇ ಇರುವ ಬಾಲವಿಕಾಸ ಅಕಾಡೆಮಿಯೂ ಧಾರವಾಡದಲ್ಲೇ. ಇವರನ್ನೆಲ್ಲ ಒಂದು ಮೇಜಿನ ಸುತ್ತ ಕೂರಿಸಲು ಸಚಿವರ ಒಂದು ಪತ್ರ ಸಾಕು. ಹೊಸ ಕಟ್ಟಡ ಬೇಡ. ಎರಡು ಕೋಣೆ, ಒಂದಿಷ್ಟು ಆಟದ ಸಾಮಾನು, ಕುಡಿಯುವ ನೀರು, ಶೌಚಾಲಯ. ಶನಿವಾರ ಮಧ್ಯಾಹ್ನ ಮತ್ತು ಭಾನುವಾರ ತೆರೆದಿರಬೇಕು. ಅಪ್ಪ ಅಮ್ಮ ಎದುರುಬದುರು ಆಗದಂತೆ ಬರಹೋಗಲು ಎರಡು ಬಾಗಿಲು ಇದ್ದರೆ ಇನ್ನೂ ಒಳ್ಳೆಯದು, ಜಗಳ ಶುರುವಾಗೋದು ಮಗುವನ್ನು ಕೈ ಬದಲಿಸುವ ಹೊತ್ತಿನಲ್ಲೇ. ಮುಂಬೈನ ಬಾಂದ್ರಾ ಫ್ಯಾಮಿಲಿ ಕೋರ್ಟಿನಲ್ಲಿ ಮಕ್ಕಳ ಭೇಟಿಗೇ ಅಂತ ಬೇರೆ ಜಾಗ ಇದೆ. ಅಧಿಕಾರಿಗಳನ್ನು ಒಮ್ಮೆ ಕಳಿಸಿ ನೋಡಿ.

ಎಲ್ಲ ಕೇಸಿಗೂ ಇದು ಹೊಂದಲ್ಲ. ಹೊಡೆತ ತಿಂದು ಮನೆ ಬಿಟ್ಟ ಹೆಣ್ಣುಮಗಳಿಗೆ ಭೇಟಿಯ ದಿನ ಅಂದರೆ ನಡುಕ. ಮಗುವಿಗೆ ಅಪಾಯ ಎನಿಸಿದರೆ ಭೇಟಿಯನ್ನೇ ನಿರಾಕರಿಸಲು ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಲ್ಲಿ ಮ್ಯಾಜಿಸ್ಟ್ರೇಟರಿಗೆ ಅಧಿಕಾರ ಇದೆ. ಅದಕ್ಕೇ ಜಾಗದ ಜೊತೆಗೆ ಮನುಷ್ಯರನ್ನೂ ಕೇಳುತ್ತಿದ್ದೇನೆ. ಬೀಗದ ಕೈ ಹಿಡಿದ ಸಿಪಾಯಿ ಒಬ್ಬನನ್ನು ಕೂರಿಸಿ ಕೇಂದ್ರ ಅಂತ ಬೋರ್ಡ್ ಹಾಕುವುದಾದರೆ ಸುಮ್ನೆ ಖರ್ಚು. ಕೂತವರಿಗೆ ಮಗುವಿನ ಮುಖ ಓದಲು ಬರಬೇಕು, ಕಂಡದ್ದನ್ನು ಕೋರ್ಟಿಗೆ ಬರೆದು ಕೊಡಲೂ ಬರಬೇಕು.

ಮೊದಲು ಹುಬ್ಬಳ್ಳಿ-ಧಾರವಾಡದಲ್ಲಿ ಒಂದು ತೆರೆಯಿರಿ. ನಡೆದರೆ ಗದಗ, ಹಾವೇರಿಗೆ. ಹಾವೇರಿಯ ಮಗು ಭೇಟಿಗೆ ಅಂತ ಹುಬ್ಬಳ್ಳಿವರೆಗೆ ಬಸ್ಸಿನಲ್ಲಿ ಬರುವ ಹಾಗೆ ಮಾತ್ರ ಆಗಬಾರದು. ಈ ಬಗ್ಗೆ ಹೈಕೋರ್ಟಿಗೆ ನಿಮ್ಮ ಇಲಾಖೆಯಿಂದ ಪ್ರಸ್ತಾವನೆ ಹೋಗುತ್ತದೆಯೇ, ಹೋದರೆ ಯಾವಾಗ, ಇಷ್ಟು ಉತ್ತರ ಬೇಕು. ಗದಗಕ್ಕೆ ಬಂದಾಗ ಸಮಯ ಕೊಟ್ಟರೆ ನಾವು ಕೆಲವು ವಕೀಲರು ಬಂದು ಕಾಗದ ಪತ್ರ ಸಮೇತ ವಿವರಿಸುತ್ತೇವೆ.

ಇಂತಿ,
ಹುಬ್ಬಳ್ಳಿಯ ಒಬ್ಬ ವಕೀಲೆ