ಆ ಇಂಜಿನ್ ಕೊಳ್ಳುವ ಮೊದಲು, ಮಗಳಿಗೊಂದು ಪತ್ರ

ಪುಟ್ಟಿ,

ನಿನ್ನೆ ಫೋನಿನಲ್ಲಿ "ಇಂಜಿನ್ ವಿಷಯ ನಿನಗೇನು ಗೊತ್ತು" ಅಂದುಬಿಟ್ಟೆ. ನೀನು ಕಟ್ ಮಾಡಿದ್ದು ಸರಿ. ಮತ್ತೆ ಫೋನ್ ಮಾಡಿದರೆ ಮತ್ತೆ ಬಾಯಿ ಜಾರುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ನೀನು ಕಳಿಸಿದ ಫೋಟೋವನ್ನು ರಾತ್ರಿ ಎಷ್ಟು ಸಲ ದೊಡ್ಡದು ಮಾಡಿ ನೋಡಿದೆನೋ ಲೆಕ್ಕವಿಲ್ಲ. ನಾಲ್ಕು ಸಿಲಿಂಡರಿನ ಡೀಸೆಲ್, ಜಾಮ್ ಆಗಿದೆ, "ಆರು ತಿಂಗಳ ಹಿಂದೆ ಚೆನ್ನಾಗಿ ಓಡ್ತಿತ್ತು" ಅಂತ ಮಾರುವವನ ಮಾತು. ಓಡುತ್ತಿದ್ದದ್ದು ಯಾಕೆ ನಿಂತಿತು ಅಂತ ಕೇಳಿದೆಯಾ? ನೀರು ಇಳಿದು ಪಿಸ್ಟನ್ ರಿಂಗು ತುಕ್ಕು ಹಿಡಿದಿದ್ದರೆ ಬಿಡಿಸಬಹುದು. ಆಯಿಲ್ ಇಲ್ಲದೆ ಓಡಿ ಬೇರಿಂಗು ಕ್ರ್ಯಾಂಕಿಗೆ, ಅಂದರೆ ತಿರುಗುವ ಮುಖ್ಯ ದಂಡಕ್ಕೆ, ಕಚ್ಚಿಕೊಂಡಿದ್ದರೆ ಕ್ರ್ಯಾಂಕ್, ಕನೆಕ್ಟಿಂಗ್ ರಾಡ್, ಕೆಲವೊಮ್ಮೆ ಇಂಜಿನ್ನಿನ ಮೈಯಾದ ಬ್ಲಾಕೇ ಕೈಕೊಟ್ಟಿರುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ.

ರಿಪೇರಿ ಮಾಡಲು ಹೋಗಿ ಕೈಸುಟ್ಟುಕೊಂಡ ನಮ್ಮ ಹಸಿರು ಇಂಜಿನ್ನಿನ ಕಥೆ ನಿನಗೆ ಗೊತ್ತು. ಅಮ್ಮ ಎಷ್ಟು ದಿನ ಮಾತು ಬಿಟ್ಟಳು ಅನ್ನುವುದೂ ಗೊತ್ತು. ಅದೆಲ್ಲ ಬಿಡು. ಒಂದು ಸಂಜೆಯ ವಿಷಯ ಮಾತ್ರ ಹೇಳಬೇಕು.

ನಿನಗೆ ಆಗ 9 ವರ್ಷ. ಬ್ಲಾಕ್ ತೊಳೆದು ಒಣಗಿಸಿದ್ದೆವು. ನೀನು ಟಾರ್ಚ್ ಹಿಡಿದು ನಿಂತಿದ್ದೆ. "ಅಪ್ಪಾ, ಇಲ್ಲೊಂದು ಕೂದಲು ಅಂಟಿದೆ" ಅಂತ ತೋರಿಸಿದೆ. ಒರೆಸು, ಹೋಗುತ್ತೆ ಅಂದೆ ನಾನು. ನೀನು ಒರೆಸಿದೆ, ಫ್ರಾಕಿನ ತುದಿಯಿಂದ. "ಹೋಗ್ತಿಲ್ಲ" ಅಂದೆ. ನಾನು ಬಂದು ಬಗ್ಗಿ ನೋಡಿದೆ. ಎರಡನೇ ಮತ್ತು ಮೂರನೇ ಸಿಲಿಂಡರಿನ ನಡುವೆ, ಬೋಲ್ಟಿನ ತೂತಿನಿಂದ ನೀರು ಹರಿಯುವ ದಾರಿಯ ಕಡೆಗೆ ಒಂದು ಗೆರೆ. ಉಗುರು ಆಡಿಸಿದೆ. ಉಗುರು ಸಿಕ್ಕಿಕೊಂಡಿತು. ಆಮೇಲೆ ನಿನಗೆ ಏನು ಹೇಳಿದೆ ಗೊತ್ತಾ? "ಗೀರು ಬಿದ್ದಿದೆ ಅಷ್ಟೇ, ಟಾರ್ಚ್ ಈ ಕಡೆ ತಾ." ಅಷ್ಟರಲ್ಲಿ ಸಿಲಿಂಡರ್ ಕೊರೆದು ಅಗಲ ಮಾಡುವ ಬೋರಿಂಗ್ ಮಾಡಿಸಿಯಾಗಿತ್ತು, ಓವರ್‌ಸೈಜ್ ಪಿಸ್ಟನ್ ಬಂದಿತ್ತು, ನಾಝಲ್ಲು ಪಂಪು ರಿಪೇರಿಗೆ ದುಡ್ಡು ಕೊಟ್ಟಾಗಿತ್ತು. ಗೀರೇ ಆಗಿರಲಿ ಅಂತ ನನಗೆ ಬೇಕಾಗಿತ್ತು.

ಸ್ಟಾರ್ಟ್ ಮಾಡಿದ ದಿನ ಅರ್ಧ ಗಂಟೆಯಲ್ಲಿ ಡಿಪ್‌ಸ್ಟಿಕ್ಕಿನ ಆಯಿಲ್ ನೀರು ಸೇರಿ ಹಾಲಿನಂತೆ ಬೆಳ್ಳಗಾಗಿತ್ತಲ್ಲ, ಆಗ ನಾನು ಹೆಡ್ ಗ್ಯಾಸ್ಕೆಟ್ ಸರಿಯಿಲ್ಲ ಅಂದೆ. ಎಲ್ಲರಿಗೂ ಹಾಗೇ ಅಂದೆ. ಬಿರುಕಿಗೆ ವೆಲ್ಡಿಂಗ್ ಮಾಡಿಸಿದ್ದು ನಿಮಗ್ಯಾರಿಗೂ ಹೇಳಲೇ ಇಲ್ಲ. ಎರಕದ ಕಬ್ಬಿಣ, ಬಿಸಿ ಮಾಡಿ ನಿಧಾನವಾಗಿ ಆರಿಸದಿದ್ದರೆ ಬೆಸುಗೆಯ ಪಕ್ಕದಲ್ಲೇ ಇನ್ನೊಂದು ಬಿರುಕು ಬಿಡುತ್ತದೆ. ಬಿಟ್ಟಿತು. ಮೊದಲೇ ನೋಡಿದವಳು ನೀನು, ಅದನ್ನು ಇಷ್ಟು ವರ್ಷ ನಿನಗೆ ಒಪ್ಪಿಕೊಳ್ಳದೆ, ನಿನ್ನೆ ನಿನಗೇ "ಏನು ಗೊತ್ತು" ಅಂದೆ. ತಪ್ಪಾಯಿತು.

ಈಗ ಉಪದೇಶ ಶುರು, ಬಯ್ಯಬೇಡ. ಮೊದಲು ಆ ಇಂಜಿನ್ನಿಗೆ ಬೇರಿಂಗು, ಪಿಸ್ಟನ್, ಗ್ಯಾಸ್ಕೆಟ್ ಸೆಟ್ ಇವತ್ತಿಗೂ ಸಿಗುತ್ತವಾ ಕೇಳು, ಸಿಗದಿದ್ದರೆ ಮುಂದಿನದ್ದು ಓದಲೇಬೇಡ. ಸಿಗುತ್ತವೆ ಅಂದರೆ ಆಯಿಲ್ ಚೇಂಬರ್ ಬಿಚ್ಚಿಸು. ತಳದಲ್ಲಿ ಬೇರಿಂಗು ಸವೆದು ಉದುರಿದ ಮಿನುಗುವ ಪುಡಿ ಇದೆಯಾ ನೋಡು. ಒಂದು ಬೇರಿಂಗಿನ ಕ್ಯಾಪ್ ತೆಗೆದು ಬೇರಿಂಗಿನ ಬೆನ್ನು ನೋಡು, ಕ್ರ್ಯಾಂಕನ್ನು ಎಷ್ಟು ಅರೆದಿದ್ದಾರೆ ಅನ್ನುವ ಅಂಡರ್‌ಸೈಜ್ ನಂಬರ್ ಸಾಮಾನ್ಯವಾಗಿ ಅಲ್ಲೇ ಒತ್ತಿರುತ್ತಾರೆ. 0.25 ಇದ್ದರೆ ಕ್ರ್ಯಾಂಕನ್ನು ಒಂದೇ ಸಲ ಅರೆದಿದ್ದಾರೆ, ಇನ್ನೂ ಜೀವ ಇದೆ. 1.00 ಮಿಲಿಮೀಟರ್ ಅಂತಿದ್ದರೆ ಹೆಚ್ಚಿನ ಕ್ರ್ಯಾಂಕುಗಳಲ್ಲಿ ಅದೇ ಕೊನೆ, ಮತ್ತೆ ಅರೆಯಲು ಬರುವುದಿಲ್ಲ. ಕ್ಯಾಪು ತೆಗೆದ ಜಾಗಕ್ಕೇ, ತೆಗೆದ ದಿಕ್ಕಿನಲ್ಲೇ ಹೋಗಬೇಕು, ಅದಲುಬದಲು ಮಾಡಬೇಡ. ಬಿಚ್ಚಲು ಬಿಡುವುದಿಲ್ಲ ಅಂದರೆ ಗುಜರಿ ಕಬ್ಬಿಣದ ಬೆಲೆ ಹೇಳು, ಒಪ್ಪದಿದ್ದರೆ ಬಂದುಬಿಡು.

ಕೊಂಡರೂ ಬೋರಿಂಗಿಗೆ ಕೊಡುವ ಮೊದಲು ಬ್ಲಾಕಿಗೂ ಹೆಡ್ಡಿಗೂ ಬಿರುಕಿನ ಪರೀಕ್ಷೆ ಮಾಡಿಸು. ಅಯಸ್ಕಾಂತ ಹಿಡಿದು ಕಬ್ಬಿಣದ ಪುಡಿ ಉದುರಿಸಿದರೆ ಬಿರುಕಿನ ಉದ್ದಕ್ಕೂ ಪುಡಿ ಸಾಲಾಗಿ ನಿಲ್ಲುತ್ತದೆ. ಹೆಡ್ಡು ಅಲ್ಯೂಮಿನಿಯಂ ಆಗಿದ್ದರೆ ಅದು ನಡೆಯುವುದಿಲ್ಲ, ಬಣ್ಣ ಹಚ್ಚಿ ನೋಡುತ್ತಾರೆ. ಈ ಕ್ರಮ ತಪ್ಪಿಸಬೇಡ, ನಾನು ತಪ್ಪಿಸಿದ್ದು ಇದನ್ನೇ. ಇನ್ನೊಂದು, ಡೀಸೆಲ್ಲಿಗೆ ಸ್ಪಾರ್ಕ್ ಪ್ಲಗ್ ಇಲ್ಲ, ಗಾಳಿಯನ್ನು 16ರಿಂದ 20 ಪಟ್ಟು ಒತ್ತಿದ ಕಾವಿಗೇ ಡೀಸೆಲ್ ಹೊತ್ತಿಕೊಳ್ಳಬೇಕು. ಬೋರು ಸವೆದಿದ್ದರೂ ರಿಂಗು ಬದಲಾಯಿಸಿದರೆ ಸಾಕು ಅನ್ನುವವರ ಮಾತು ಕೇಳಬೇಡ, ಒತ್ತಡ ಸೋರಿ ಚಳಿಯಲ್ಲಿ ಸ್ಟಾರ್ಟೇ ಆಗುವುದಿಲ್ಲ. ಚೈನ್ ಬ್ಲಾಕಿನಲ್ಲಿ ನೇತಾಡುವ ಇಂಜಿನ್ ಕೆಳಗೆ ಕೈ ಕೂಡ ಇಡಬೇಡ, ಒಂದು ಬೋಲ್ಟ್ ಬಿದ್ದರೂ ಬೀಳಲಿ ಬಿಡು.

ಕೊಳ್ಳು ಅಂತಲೂ ಬೇಡ ಅಂತಲೂ ಹೇಳಲು ಆಗುತ್ತಿಲ್ಲ. ನೀನು ಕೊಂಡರೆ ನನಗೆ ಹೊಟ್ಟೆಕಿಚ್ಚೂ ಆಗುತ್ತದೆ, ನಿಜ ಹೇಳಬೇಕಂದರೆ. ನಿನ್ನ ಕಣ್ಣು ನನ್ನದಕ್ಕಿಂತ ಚುರುಕು, ಕೈಯೂ.

ಮೈಕ್ರೋಮೀಟರ್ ಕಳಿಸುತ್ತಿದ್ದೇನೆ. ಪ್ರತಿ ಸಲ ಸೊನ್ನೆ ಸರಿಯಿದೆಯಾ ನೋಡಿಕೊಂಡೇ ಅಳತೆ ತೆಗೆ, ಎರಡು ಸಲ ಕೆಳಗೆ ಬಿದ್ದಿದೆ. ಒಂದು ಸಲ ಬೀಳಿಸಿದ್ದು ನಾನು. ಇನ್ನೊಂದು ಸಲ ಯಾರು ಅಂತ ಅಮ್ಮನಿಗೆ ಇವತ್ತಿಗೂ ಹೇಳಿಲ್ಲ.

ಅಪ್ಪ