ಹಿರಿಯರ ಮನೆಬಾಗಿಲಿಗೆ ಪರಮಪ್ರಸಾದ

(2020ರ ಕೋವಿಡ್ ಕಾಲದ ಪತ್ರ)

ಮಾನ್ಯರೇ,

ಕೋವಿಡ್ ಲಾಕ್‌ಡೌನ್‌ನಿಂದ ಮುಚ್ಚಿದ್ದ ಪೂಜಾಸ್ಥಳಗಳನ್ನು 2020ರ ಜೂನ್ 8ರಿಂದ ತೆರೆಯಲು ಕೇಂದ್ರ ಸರ್ಕಾರ ಅನುಮತಿ ನೀಡಿದ್ದರೂ, 65 ವರ್ಷ ದಾಟಿದವರು ಮನೆಯಲ್ಲೇ ಇರಬೇಕೆಂಬ ಸಲಹೆಯಿಂದಾಗಿ ಕರಾವಳಿಯ ಚರ್ಚುಗಳ ಹಿರಿಯರು ಬಲಿಪೂಜೆಯಿಂದ (ಚರ್ಚಿನ ಮುಖ್ಯ ಆರಾಧನೆಯಿಂದ) ದೂರವೇ ಉಳಿಯಬೇಕಾಗಿದೆ. ಬಾಗಿಲ ಬಳಿಯ ತೀರ್ಥದ ಬಟ್ಟಲು ಬರಿದಾಗಿ ಪಕ್ಕದಲ್ಲಿ ಸ್ಯಾನಿಟೈಸರ್ ಬಾಟಲಿ ಬಂದದ್ದನ್ನೂ, ಗಾಯನವೃಂದಕ್ಕೆ ತಡೆ ಬಿದ್ದದ್ದನ್ನೂ ಒಪ್ಪಿಕೊಳ್ಳೋಣ. ಸೋಂಕು ತಡೆಯಲು ಅವು ಅಗತ್ಯ. ಆದರೆ ಯೂಟ್ಯೂಬ್‌ನಲ್ಲಿ ಪೂಜೆ ನೋಡಿ ಎಂದರೆ, ಮಕ್ಕಳೆಲ್ಲ ಗಲ್ಫಿನಲ್ಲಿದ್ದು, ಬಟನ್ ಫೋನಿನಲ್ಲಿ ಅವರ ಕರೆಗಷ್ಟೇ ಉತ್ತರಿಸಬಲ್ಲ ಒಂಟಿ ಅಜ್ಜಿಗೆ ಅದು ತಲುಪುವುದಾದರೂ ಹೇಗೆ? ಹಾಸಿಗೆ ಹಿಡಿದವರ ಮನೆಗೆ ಪರಮಪ್ರಸಾದ (ಬಲಿಪೂಜೆಯಲ್ಲಿ ಯೇಸುವಿನ ಶರೀರವೆಂದು ನೀಡುವ ಪವಿತ್ರ ರೊಟ್ಟಿ) ಒಯ್ಯುವ ಪದ್ಧತಿ ಹಿಂದಿನಿಂದಲೂ ಇದೆ. ಚರ್ಚಿನ ಪ್ರತಿ ವಾರ್ಡಿನ ಮುಖಂಡರಾದ ಗುರಿಕಾರರು ಇಂಥ ಹಿರಿಯರ ಪಟ್ಟಿ ಮಾಡಿಕೊಟ್ಟಲ್ಲಿ, ಧರ್ಮಗುರುಗಳು ಮಾಸ್ಕ್ ಧರಿಸಿ, ಮನೆಯೊಳಗೆ ಹೋಗದೆ ಅಂಗಳದಲ್ಲೇ ಪ್ರಾರ್ಥಿಸಿ, ತಿಂಗಳಿಗೊಮ್ಮೆಯಾದರೂ ಅದನ್ನು ನೀಡುವ ವ್ಯವಸ್ಥೆ ಮಾಡಲಿ.

– ಓರ್ವ ಓದುಗ, ಮಂಗಳೂರು